ಖಾಲಿ ಸೀಟಿನ ಲೆಕ್ಕ

ಬಸ್ಸಿನಲ್ಲಿ ನಾವು ಜನರನ್ನು ಎಣಿಸುವುದಿಲ್ಲ, ಖಾಲಿ ಸೀಟನ್ನು ಎಣಿಸುತ್ತೇವೆ. ಕಂಡಕ್ಟರ್ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಹಿರಿಯರು ಕಲಿಸುವ ವಿದ್ಯೆ ಇದು. ಜನರ ತಲೆ ಅಲುಗಾಡುತ್ತದೆ, ಬಗ್ಗುತ್ತದೆ, ಕೂಸುಗಳು ಸೆರಗಿನೊಳಗೆ ಸೇರಿಕೊಳ್ಳುತ್ತವೆ. ಖಾಲಿ ಸೀಟು ಮಾತ್ರ ಇದ್ದಲ್ಲೇ ಇರುತ್ತದೆ. ಒಟ್ಟು ಸೀಟಿನಲ್ಲಿ ಅದನ್ನು ಕಳೆದರೆ ಮುಗಿಯಿತು. ಹದಿನಾಲ್ಕು ವರ್ಷ ಕಂಡಕ್ಟರ್ ಆಗಿ, ಆಮೇಲೆ ಸಂಚಾರ ನಿಯಂತ್ರಕನಾಗಿ, ನನ್ನ ಲೆಕ್ಕ ತಪ್ಪಿದ್ದು ಒಂದೇ ಸಲ. ಆ ಸಲ ಒಬ್ಬ ಮನುಷ್ಯ ಹಿಂದೆ ಉಳಿದುಬಿಟ್ಟ. ಯಾವ ಊರಿನಲ್ಲಿ ಎಂದು ಮಾತ್ರ ಕೇಳಬೇಡಿ. ಹೇಳದಿರಲು ಕಾರಣವಿದೆ, ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ವಿಧಾನಸಭೆ ಚುನಾವಣೆಗೆ ನಮ್ಮ ಭಾಗದ ಮತಗಟ್ಟೆ ಸಿಬ್ಬಂದಿಯನ್ನು ಸಾಗಿಸುವ ಬಸ್ಸುಗಳ ರೂಟ್ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬುಧವಾರ ಮತದಾನ. ಮಂಗಳವಾರ ಬೆಳಿಗ್ಗೆ ಯಲಬುರ್ಗಾದ ಕಾಲೇಜು ಮೈದಾನದಲ್ಲಿ ಸಿಬ್ಬಂದಿಗೆ ಮತಯಂತ್ರ, ಚೀಲ ಎಲ್ಲ ಕೊಟ್ಟು ಬಸ್ ಹತ್ತಿಸಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿಯಿಂದಲೂ ಗಾಡಿ ತರಿಸಿಕೊಂಡಿದ್ದೆವು. ಯಾವ ಊರಿಗೆ ದೊಡ್ಡ ಬಸ್ ಹೋಗುತ್ತದೆ, ಎಲ್ಲಿ ಸೇತುವೆ ಕಿರಿದು, ಎಲ್ಲಿ ಕರೆಂಟಿನ ತಂತಿ ಜೋತುಬಿದ್ದಿದೆ, ಎಲ್ಲಿ ಗಾಡಿ ತಿರುಗಿಸಲು ಜಾಗವಿಲ್ಲ ಎಂಬುದೆಲ್ಲ ಕಚೇರಿಯ ನಕ್ಷೆಯಲ್ಲಿ ಇರುವುದಿಲ್ಲ, ನಮ್ಮಂಥವರ ತಲೆಯಲ್ಲಿ ಇರುತ್ತದೆ. ನನಗೆ ಅದರ ಸೊಕ್ಕು ಸ್ವಲ್ಪ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ನಾನು ಹೇಳುತ್ತಿರುವ ರೂಟಿನಲ್ಲಿ ನಾಲ್ಕು ಊರು, ಐದು ಮತಗಟ್ಟೆ. ಹಿಂದಿನ ಚುನಾವಣೆಯ ಪಟ್ಟಿಯಲ್ಲಿ, ನಾನು ಹೆಸರು ಹೇಳದ ಆ ಊರು ಕೊನೆಗಿತ್ತು. ಬಸ್ಸು ಸುತ್ತು ಹೊಡೆದು ಹೊತ್ತು ಮುಳುಗಿದ ಮೇಲೆ ಅಲ್ಲಿಗೆ ಮುಟ್ಟುತ್ತಿತ್ತು. ಕುಕನೂರು ಕಡೆಯಿಂದ ನೇರ ಹೋದರೆ ಅದೇ ಮೊದಲು ಸಿಗುತ್ತದೆ, ಹತ್ತು ಹನ್ನೆರಡು ಕಿಲೋಮೀಟರ್ ಉಳಿಯುತ್ತದೆ. ನಾನು ರೂಟನ್ನು ತಿರುವಿ ಹಾಕಿದೆ. ಹಿಂದಿನವರಿಗೆ ಇಷ್ಟೂ ಹೊಳೆಯಲಿಲ್ಲವಲ್ಲ ಎಂದು ಚಹಾ ಕುಡಿಯುತ್ತ ನಕ್ಕಿದ್ದೂ ಉಂಟು. ಶನಿವಾರ ಡಿಪೋದ ಜೀಪಿನಲ್ಲಿ ಹೋಗಿ ರಸ್ತೆ ನೋಡಿ ಬಂದೆ. ಊರು ತುಂಬ ಜನ, ಕಟ್ಟೆಯ ಮೇಲೆ ಮುದುಕರು, ಶಾಲೆಯ ಮುಂದೆ ಎಮ್ಮೆ. ರಸ್ತೆಯ ಅಗಲ ಅಳೆದೆ, ಶಾಲೆಯ ಮುಂದೆ ಮಿನಿ ಬಸ್ ತಿರುಗುತ್ತದೆ ಎಂದು ಬರೆದುಕೊಂಡೆ. ಮಂಗಳವಾರ ಇಲ್ಲಿ ಏನಾದರೂ ಇದೆಯೇ ಎಂದು ಯಾರನ್ನೂ ಕೇಳಲಿಲ್ಲ.

ಮಂಗಳವಾರ ಮೈದಾನದಲ್ಲಿ ಶಾಮಿಯಾನದ ಕೆಳಗೆ ಗದ್ದಲವೋ ಗದ್ದಲ. ಹನ್ನೆರಡೂವರೆಗೆ ನನ್ನ ಮಿನಿ ಬಸ್ ತುಂಬಿತು. ಮೂವತ್ತೊಂದು ಸೀಟು. ಮತಗಟ್ಟೆಗೆ ಒಬ್ಬ ಅಧ್ಯಕ್ಷಾಧಿಕಾರಿ, ಮೂವರು ಸಿಬ್ಬಂದಿ, ಒಬ್ಬ ಪೊಲೀಸ್ ಪೇದೆ, ಹೀಗೆ ಐದು ಮತಗಟ್ಟೆಗೆ ಇಪ್ಪತ್ತೈದು ಜನ. ಖಾಲಿ ಸೀಟು ಆರು. ಯಂತ್ರದ ಪೆಟ್ಟಿಗೆಗಳನ್ನು ನಡುವಿನ ದಾರಿಯಲ್ಲಿ ಸಾಲಾಗಿ ಇಟ್ಟಿದ್ದರು. ಹೊಸ ರೂಟ್ ಆದ್ದರಿಂದ ನಾನೇ ಜೊತೆಗೆ ಹತ್ತಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕುಳಿತೆ. ಡ್ರೈವರ್ ತಳಕಲ್ ಕಡೆಯ ಹಿರಿಯ ಮನುಷ್ಯ, ನಿವೃತ್ತಿಗೆ ವರ್ಷ ಉಳಿದಿತ್ತು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು.

ಹೊರಡುವ ಮೊದಲು ಹಿಂದಿನ ಸೀಟಿನಿಂದ ಒಬ್ಬರು ಎದ್ದು ಬಂದರು. ಗಂಗಾವತಿಯ ಕಚೇರಿಯೊಂದರ ಗುಮಾಸ್ತ, ಐವತ್ತರ ಆಸುಪಾಸು, ಕೈಯಲ್ಲಿ ನೀರಿನ ಬಾಟಲಿ. ಕೊನೆಯ ಊರಿನ ಮತಗಟ್ಟೆಗೆ ಅವರನ್ನು ಹಾಕಿದ್ದರು.

"ಸಾಹೇಬ್ರ, ನಡುವ ಎಲ್ಲೆರ ನಿಲ್ಲಸ್ತೀರೇನ್ರಿ? ಸಕ್ಕರಿ ಬ್ಯಾನಿ ಐತ್ರಿ ನನಗ. ತಾಸಿಗೊಮ್ಮೆ ಇಳೀಬೇಕಾಗ್ತದ."

ಬೆಳಿಗ್ಗೆ ಐದರಿಂದ ನಿಂತ ಕಾಲು, ತಲೆಯ ಮೇಲೆ ಬಿಸಿಲು. ನನ್ನ ನಾಲಿಗೆ ಮೊದಲೇ ಒರಟು.

"ಇದು ಎಲೆಕ್ಷನ್ ಗಾಡಿ ಐತ್ರಿ, ನಿಮ್ಮ ಮನಿ ಟಾಂಗಾ ಅಲ್ಲ. ನಿಮ್ಮೊಬ್ಬರ ಸಲುವಾಗಿ ನಿಂತ್ರ ಉಳದವರು ಯಾವಾಗ ಮುಟ್ಟಬೇಕು?"

ಅವರು ಹೋಗಿ ಕೊನೆಯ ಸಾಲಿನ ಮೂಲೆಯಲ್ಲಿ ಕುಳಿತರು. ಡ್ರೈವರ್ ತಲೆಯ ಮೇಲೆ 'ಅವಸರವೇ ಅಪಘಾತಕ್ಕೆ ಕಾರಣ' ಎಂದು ಬರೆದಿತ್ತು. ಅದನ್ನು ನಾನು ದಿನಾ ಓದುತ್ತೇನೆ.

ಊರಿನ ಹತ್ತಿರ ಬಂದಾಗ ಎರಡು ಗಂಟೆ. ಮಟಮಟ ಮಧ್ಯಾಹ್ನ, ಕಪ್ಪು ಮಣ್ಣಿನ ಎರಿ ಹೊಲಗಳ ಮೇಲೆ ಝಳ ಕುಣಿಯುತ್ತಿತ್ತು. ಅಗಸಿಯ, ಅಂದರೆ ಊರಬಾಗಿಲಿನ, ಮುಂದೆ ಕಾಕಾ ಗಕ್ಕನೆ ಬ್ರೇಕ್ ಹಾಕಿದರು. ರಸ್ತೆಗೆ ಅಡ್ಡಲಾಗಿ ಜಾಲಿ ಮುಳ್ಳಿನ ಕಂಟಿ ಒಟ್ಟಿದ್ದರು. ಅದರ ಮುಂದೆ ಬೂದಿಯಿಂದ ಒಂದು ಗೆರೆ, ಗೆರೆಯ ಮೇಲೆ ಬೇವಿನ ತೊಪ್ಪಲು, ಒಡೆದ ತೆಂಗಿನಕಾಯಿ.

ಎಂಜಿನ್ ಆರಿಸಿದಾಗ ನನಗೆ ಮೊದಲು ಗಮನಕ್ಕೆ ಬಂದದ್ದು ಸಪ್ಪಳ ಇಲ್ಲದಿರುವುದು. ಯಾವ ಊರೇ ಆಗಲಿ, ಎಷ್ಟೇ ಬಿಸಿಲಿರಲಿ, ಒಂದು ಕೋಳಿ ಕೂಗುತ್ತದೆ, ಒಂದು ಕೂಸು ಅಳುತ್ತದೆ, ಎಲ್ಲೋ ಟಿವಿ ಮಾತಾಡುತ್ತದೆ. ಇಲ್ಲಿ ಏನೂ ಇಲ್ಲ. ಕಣ್ಣಿಗೆ ಕಾಣುವಷ್ಟೂ ಬಾಗಿಲುಗಳಿಗೆ ಬೀಗ, ಬೀಗಕ್ಕೆ ಬೇವಿನ ಕಟ್ಟು. ಶನಿವಾರ ಎಮ್ಮೆ ಕಟ್ಟಿದ್ದ ಗೂಟ ಖಾಲಿ. ನಾಯಿ ಕೂಡ ಇರಲಿಲ್ಲ. ನಾಯಿ ಇಲ್ಲದ ಊರನ್ನು ನಾನು ಅದೇ ಮೊದಲು ನೋಡಿದ್ದು.

ಊರಿನ ಮತದಾರರ ಪಟ್ಟಿ ನೋಡಿಕೊಳ್ಳುವ ಅಂಗನವಾಡಿ ಶಿಕ್ಷಕಿಯ ನಂಬರು ನನ್ನ ಹತ್ತಿರವಿತ್ತು. ಹಚ್ಚಿದೆ. ನನ್ನ ಕಿವಿಯಲ್ಲಿ ರಿಂಗಾಯಿತು. ಒಂದು ಗಳಿಗೆ ಬಿಟ್ಟು ಮುಳ್ಳಿನಾಚೆ, ಮೂರನೆಯ ಮನೆಯ ಮುಚ್ಚಿದ ಬಾಗಿಲಿನ ಹಿಂದೆ, ಒಂದು ಫೋನು ಭಕ್ತಿಗೀತೆ ಹಾಡತೊಡಗಿತು. ಬಸ್ಸಿನಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತು. ನಾನು ಕರೆ ಕಡಿದೆ, ಹಾಡು ನಿಂತಿತು.

"ಹೊರಬೀಡ್ರಿ," ಎಂದರು ಕಾಕಾ, ಸ್ಟೇರಿಂಗ್ ಮೇಲಿನ ಕೈ ತೆಗೆದು. "ಊರಾನ ಮಂದಿ ಎಲ್ಲಾರೂ ಹೊರಗ ಹೋಗ್ಯಾರ. ದನ, ಕುರಿ, ಕೋಳಿ ಸುದ್ದಾ. ಹೊತ್ತು ಮುಳಗೂಮಟ ಊರಾಗ ಒಂದು ಜೀವ ಇರಬಾರದು. ದೇವಿ ಒಬ್ಬಾಕಿನ ಓಣಿ ಓಣಿ ಅಡ್ಡಾಡತಾಳ."

"ಮುಳ್ಳು ಸರಿಸಿ ಹೋಗೋಣು ನಡೀರಿ ಕಾಕಾ. ಇನ್ನ ಮೂರು ಊರು ಅದಾವ."

"ನಾ ಒಲ್ಲೆ. ಬೇಕಾದ್ರ ನೌಕರಿ ತಗೊಳ್ರಿ. ಈ ಬೂದಿ ಗೆರಿ ಮ್ಯಾಲ ನನ್ನ ಗಾಲಿ ಹಾಯಂಗಿಲ್ಲ."

ಚುನಾವಣೆ ಕೆಲಸದಲ್ಲಿ 'ಒಲ್ಲೆ' ಎಂದರೆ ಏನಾಗುತ್ತದೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಬಯ್ಯಲು ಬಾಯಿ ತೆರೆದವನು ಅವರ ಮುಖ ನೋಡಿ ಸುಮ್ಮನಾದೆ. ಆ ಮನುಷ್ಯ ನಿಜವಾಗಿ ಹೆದರಿದ್ದರು. ನನಗೂ ಆ ಬೀದಿಯೊಳಗೆ ಕಾಲಿಡಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಅರ್ಧ ಕಿಲೋಮೀಟರ್ ದೂರದ ಬೇವಿನ ತೋಪಿನಿಂದ ಅಂಗನವಾಡಿ ಶಿಕ್ಷಕಿ ಮತ್ತು ಊರಿನ ಹಿರಿಯರೊಬ್ಬರು ಬಂದರು. ಇಡೀ ಊರು ಆ ತೋಪಿನಲ್ಲಿತ್ತು. ಹಿರಿಯರಿಗೆ ಅರವತ್ತು ದಾಟಿರಬೇಕು, ಊರ ದೈವದ ಕೆಲಸವೆಲ್ಲ ಅವರದೇ ಎಂದು ನೋಡಿದರೇ ತಿಳಿಯುತ್ತಿತ್ತು.

"ಸರ್, ಹೋದ ಎಲೆಕ್ಷನ್ನಾಗೂ ಹೊರಬೀಡು ಹಿಂಗ ಹಿಂದಿನ ದಿನಾನ ಬಂದಿತ್ರಿ," ಎಂದಳು ಶಿಕ್ಷಕಿ. "ಆವಾಗ ಬಸ್ಸು ಹೊತ್ತು ಮುಳಗಿದ ಮ್ಯಾಲ ಬಂತಲ್ರಿ, ಈ ಸಲಾನೂ ಹಂಗ ಬರತದ ಅಂತ ತಿಳಕೊಂಡಿದ್ವಿ. ಫೋನ್ ಒಯ್ಯಂಗಿಲ್ರಿ ಇವತ್ತು, ಮನ್ಯಾಗ ಬಿಟ್ಟೀನಿ."

ಹಿಂದಿನವರು ಈ ಊರನ್ನು ಕೊನೆಗೆ ಹಾಕಿದ್ದು ಯಾಕೆ ಎಂದು ಆಗ ತಿಳಿಯಿತು. ಅಗಸಿಯ ಮುಂದೆ ಅರ್ಧ ತಾಸು ಮಾತುಕತೆ ನಡೆಯಿತು. ಮುಂದಿನ ಊರುಗಳಿಗೆ ದಾರಿ ಈ ಊರಿನ ನಡುವೆಯೇ ಹಾಯುತ್ತದೆ. ಹಿಂದಕ್ಕೆ ಹೋಗಿ ಹಳೆಯ ದಾರಿಗೆ ಬಿದ್ದರೆ ಕತ್ತಲಾಗುತ್ತದೆ. ಕೊನೆಗೆ ಹಿರಿಯರೇ ಒಂದು ಉಪಾಯ ಹೇಳಿದರು. ಈ ಊರಿನ ಸಿಬ್ಬಂದಿ ಐದು ಜನ ಯಂತ್ರದೊಂದಿಗೆ ತೋಪಿನಲ್ಲಿ ಇಳಿದು ಸಂಜೆ ಊರವರ ಜೊತೆ ಒಳಗೆ ಹೋಗುವುದು. ಬಸ್ಸು ಗಡಿಯ ಗುಂಟ, ಹೊಲದ ಬಂಡಿದಾರಿ ಹಿಡಿದು ಊರನ್ನು ಸುತ್ತುಹಾಕಿ ಆಚೆ ರಸ್ತೆ ಸೇರುವುದು. ಮಳೆ ಬಿದ್ದಿರಲಿಲ್ಲ, ಎರಿ ಮಣ್ಣು ಗಟ್ಟಿಯಾಗಿತ್ತು. ಒಪ್ಪಿದೆ.

ಐದು ಜನ ತಮ್ಮ ಪೆಟ್ಟಿಗೆಗಳನ್ನು ಹೊತ್ತು ಇಳಿದರು. ನಾನು ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದೆ. ಖಾಲಿ ಸೀಟು ಹನ್ನೊಂದು. ಮೂವತ್ತೊಂದರಲ್ಲಿ ಹನ್ನೊಂದು ಹೋದರೆ ಇಪ್ಪತ್ತು. ಇಪ್ಪತ್ತೈದರಲ್ಲಿ ಐದು ಹೋದರೂ ಇಪ್ಪತ್ತು. ಲೆಕ್ಕ ಸರಿ. "ನಡೀರಿ ಕಾಕಾ," ಎಂದೆ.

ಹಿರಿಯರು ಬಸ್ಸಿನ ಮುಂದೆ ನಡೆಯುತ್ತ ದಾರಿ ತೋರಿಸಿದರು. ನಾವು ಕಾಲ್ನಡಿಗೆಯ ವೇಗದಲ್ಲಿ ಹಿಂದೆ. ಮಣ್ಣಿನ ಬಿರುಕುಗಳ ಮೇಲೆ ಗಾಲಿ ಇಳಿದು ಏಳುತ್ತಿತ್ತು, ತಳದ ಸ್ಪ್ರಿಂಗ್ ಪಾಟಾ ಕಿರುಗುಡುತ್ತಿತ್ತು. ಎಡಗಡೆ ಊರಿನ ಹಿತ್ತಿಲುಗಳು: ಒಣಹಾಕಿದ ಒಂದು ಸೀರೆ, ಮುಚ್ಚಿದ ಕಿಟಕಿ, ಒಂದು ತೊಟ್ಟಿಲು. ಎಲ್ಲರೂ ಅತ್ತಲೇ ನೋಡುತ್ತಿದ್ದರು. ಕಾಕಾ ಮಾತ್ರ ಅತ್ತ ನೋಡಲಿಲ್ಲ.

ಶಾಲೆಯ ಹಿಂಭಾಗಕ್ಕೆ ಬಂದಾಗ ಗಂಟೆ ಬಾರಿಸಿತು.

ಶಾಲೆಯ ಗಂಟೆ. ಪಡಸಾಲೆಗೆ ತೂಗುಹಾಕಿದ ರೈಲು ಹಳಿಯ ತುಂಡನ್ನು ಶನಿವಾರ ನಾನೇ ನೋಡಿದ್ದೆ. ಮೂರು ಪೆಟ್ಟು, ನಿಧಾನವಾಗಿ. ಸ್ವಲ್ಪ ತಡೆದು ಮತ್ತೆ ಮೂರು. ಬಸ್ಸಿನೊಳಗೆ ಯಾರೋ ದೇವರ ಹೆಸರು ಹೇಳಿದರು. ಕಾಕಾ ಒಂದು ಕೈಯಿಂದ ಗಲ್ಲ ಬಡಿದುಕೊಂಡರು. ಮುಂದೆ ನಡೆಯುತ್ತಿದ್ದ ಹಿರಿಯರು ನಿಂತರು. ತಿರುಗಿ ಊರಿನ ಕಡೆ ನೋಡಲಿಲ್ಲ, ನಮ್ಮ ಕಡೆ ನೋಡಿದರು.

"ಗಾಳಿರಿ ಅದು," ಎಂದರು. "ನಡೀರಿ, ನಡೀರಿ."

ಬೇವಿನ ಗಿಡದ ಒಂದು ಎಲೆ ಅಲುಗಾಡುತ್ತಿರಲಿಲ್ಲ. ಅದು ನನಗೆ ಕಾಣುತ್ತಿತ್ತು. ಆದರೂ ಅವರು ಗಾಳಿ ಎಂದದ್ದು ನನಗೆ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಇಳಿದು ನೋಡುವ ಧೈರ್ಯ ನನಗೆ ಇರಲಿಲ್ಲ, ಮೇಲಾಗಿ ಹೊತ್ತೂ ಆಗಿತ್ತು. ಕಾಕಾ ಗೇರ್ ಬದಲಿಸಿದರು. ಮೂರನೆಯ ಸಲ ಗಂಟೆ ಬಾರಿಸಿದ್ದು ಎಂಜಿನ್ ಸಪ್ಪಳದಲ್ಲಿ ಅರೆಬರೆ ಕೇಳಿಸಿತು.

ಎರಡನೆಯ ಊರಿನಲ್ಲಿ ಹತ್ತು ಜನ ಇಳಿದರು, ಮೂರನೆಯದರಲ್ಲಿ ಐದು. ಕೊನೆಯ ಊರು ಮುಟ್ಟಿದಾಗ ನಾಲ್ಕೂ ಮುಕ್ಕಾಲು. ಅಲ್ಲಿನ ಅಧ್ಯಕ್ಷಾಧಿಕಾರಿ ಒಬ್ಬ ಹೈಸ್ಕೂಲ್ ಶಿಕ್ಷಕಿ. ಇಳಿದು ತಮ್ಮವರನ್ನು ಬೆರಳು ಮಡಿಚಿ ಎಣಿಸಿದರು, ಶಾಲೆಯ ಮಕ್ಕಳನ್ನು ಎಣಿಸಿದ ಹಾಗೆ.

"ಒಬ್ರು ಕಮ್ಮಿ ಅದಾರಲ್ರಿ ಸರ್. ಗಂಗಾವತಿಯವರು ಎಲ್ಲಿ?"

"ಹಿಂದ ಮಲಗಿರಬೇಕ್ರಿ," ಎಂದು ನಾನು ಒಳಗೆ ಹೋದೆ. ಕೊನೆಯ ಸಾಲಿನ ಮೂಲೆಯ ಸೀಟಿನಲ್ಲಿ ಟವೆಲ್ ಹೊದ್ದುಕೊಂಡು ಏನೋ ಕುಳಿತಿತ್ತು. ಟವೆಲ್ ಎಳೆದೆ. ಮತಯಂತ್ರದ ಪೆಟ್ಟಿಗೆ. ಅದರ ಮೇಲೆ ಅವರ ಚೀಲ, ಚೀಲದಲ್ಲಿ ಅವರ ಫೋನು, ಬಿಚ್ಚದ ಊಟದ ಪೊಟ್ಟಣ.

ಪೇದೆ ತಲೆ ತುರಿಸಿಕೊಂಡ. ಮೊದಲ ಊರಿನವರು ಇಳಿಯುವಾಗ ದಾರಿಗೆ ಅಡ್ಡ ಆಗುತ್ತದೆಂದು ಪೆಟ್ಟಿಗೆಯನ್ನು ಖಾಲಿ ಸೀಟಿನ ಮೇಲೆ ಇಟ್ಟವನು ಅವನೇ. ಬಿಸಿಲು ತಾಗದಿರಲಿ ಎಂದು ಟವೆಲ್ ಮುಚ್ಚಿದ್ದೂ ಅವನೇ. ಬೆಳಿಗ್ಗೆ ಮೈದಾನದಲ್ಲಿ ಮೊದಲ ಸಲ ಮುಖ ನೋಡಿಕೊಂಡವರು. ಯಾರು ಇದ್ದಾರೆ, ಯಾರು ಇಲ್ಲ ಎಂದು ಅವರಿಗೆ ಹೇಗೆ ತಿಳಿಯಬೇಕು? ತಿಳಿಯಬೇಕಾದವನು ನಾನು. ಅಗಸಿಯ ಮುಂದೆ ಅರ್ಧ ತಾಸು ನಿಂತಾಗ ಆ ಮನುಷ್ಯ ಇಳಿದಿದ್ದಾರೆ, ನನ್ನನ್ನು ಕೇಳದೆ. ಕೇಳಿದರೆ ನಾನು ಏನು ಅನ್ನುತ್ತೇನೆ ಎಂದು ಹೊರಡುವಾಗಲೇ ಹೇಳಿದ್ದೆನಲ್ಲ.

ಪೆಟ್ಟಿಗೆ ಇಳಿಸಿದ ಕೂಡಲೇ ಕಾಕಾ ಗಾಡಿ ತಿರುಗಿಸಿದರು. ಎರಡು ಮೈಲಿ ಹೋದ ಮೇಲೆ ಮೆಲ್ಲಗೆ ಹೇಳಿದರು:

"ಆ ಗಂಟಿ ಅವರು ಬಾರಿಸ್ಯಾರ್ರಿ."

"ಹೌದ್ರಿ."

"ನಾವು ಕೈ ಮುಗದು ಬಂದ್ವಿ."

ಸಕ್ಕರೆ ಕಾಯಿಲೆಯವರು ಊಟ ಬಿಟ್ಟರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ನಮ್ಮ ಡಿಪೋದಲ್ಲೇ ಒಬ್ಬ ಮೆಕ್ಯಾನಿಕ್ ಹಾಗೆ ಬಿದ್ದು ಎದ್ದಿರಲಿಲ್ಲ. ಮೈ ನಡುಗುತ್ತದೆ, ಬೆವರುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ನೀರಿಲ್ಲದ, ಜನವಿಲ್ಲದ ಊರಿನಲ್ಲಿ ಮೂರು ತಾಸು. ಸಿಗ್ನಲ್ ಸಿಕ್ಕ ಕೂಡಲೇ ಈ ಮತಗಟ್ಟೆಗಳ ಹೊಣೆ ಹೊತ್ತ ಸೆಕ್ಟರ್ ಅಧಿಕಾರಿಗೆ ಫೋನು ಮಾಡಿದೆ. ಅವರು ಕೇಳಿ ಕೆಂಡವಾದರು.

"ಏನ್ರಿ, ಬಸ್ ಸ್ಟ್ಯಾಂಡಿನಾಗ ಬುಟ್ಟಿ ಮರತಂಗ ಹೇಳ್ತೀರಲ್ರಿ. ಮೊದಲ ಆ ಮನಶಾನ್ನ ಹುಡುಕ್ರಿ. ಅವರಿಗೇನರ ಆದ್ರ ನಾನೂ ಉಳಿಯಂಗಿಲ್ಲ, ನೀವೂ ಉಳಿಯಂಗಿಲ್ಲ."

ಊರಿನ ಆಚೆ ಗಡಿಗೆ ಬಂದಾಗ ಸೂರ್ಯ ಇನ್ನೂ ಎರಡಾಳು ಎತ್ತರದಲ್ಲಿದ್ದ. ಊರ ಜನವೆಲ್ಲ ತೋಪಿನಿಂದ ಸುತ್ತಿಬಂದು, ಒಳಗೆ ಹೋಗಲು ಈ ಕಡೆಯ ಮುಳ್ಳಿನ ಮುಂದೆ ಸೇರುತ್ತಿದ್ದರು. ಡೊಳ್ಳಿನವರು ಹಗ್ಗ ಬಿಗಿದುಕೊಳ್ಳುತ್ತಿದ್ದರು, ಹೆಂಗಸರ ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೋಳಿ. ನಾನು ಇಳಿದು ಹಿರಿಯರಿಗೆ ನಡೆದದ್ದು ಹೇಳಿದೆ.

ಅವರ ಮುಖದ ಬಣ್ಣ ಹೋಯಿತು. ಒಳಗೆ ಒಬ್ಬ ಮನುಷ್ಯ ಇದ್ದಾನೆ ಎಂದಾಗ ಬೆಚ್ಚಿದ್ದು ಸಹಜ. ಆದರೆ ಅವರು ಮೊದಲು ಕೇಳಿದ್ದು ಬೇರೆ.

"ಅವರು ಯಾರನ್ನರ ನೋಡ್ಯಾರಂತೇನ್ರಿ?"

"ಅವರನ್ನ ಇನ್ನೂ ಹುಡುಕಬೇಕ್ರಿ ಯಜಮಾನ್ರ. ಮುಳ್ಳು ತಗೀರಿ."

"ಇನ್ನ ತಾಸು ತಡೀರಿ. ಇಲ್ಲಾಂದ್ರ ನಾ ಒಬ್ಬನ ಹೋಗಿ ನೋಡಿ ಬರತೀನಿ. ನೀವು ಬರಬ್ಯಾಡ್ರಿ."

"ತಾಸು ತಡದ್ರ ಹೆಣ ತರಬೇಕಾಗ್ತದ," ಎಂದೆ.

ಹಾಗೆಂದವನು ಮುಳ್ಳಿನ ಮೇಲೆ ಕಾಲಿಟ್ಟೆ. ಇದನ್ನು ಧೈರ್ಯ ಎನ್ನಬೇಡಿ. ದೇವಿಗಿಂತ ಆ ಮೂರು ಪೆಟ್ಟಿನ ಗಂಟೆಗೆ ನಾನು ಹೆಚ್ಚು ಹೆದರಿದ್ದೆ, ಜೀವಮಾನವಿಡೀ ಅದನ್ನು ಕೇಳಿಸಿಕೊಳ್ಳುತ್ತ ಬದುಕುವುದಕ್ಕೆ. ಚಪ್ಪಲಿ ದಾಟಿ ಮುಳ್ಳು ಹಿಮ್ಮಡಿಗೆ ನಟ್ಟಿತು. ಹಿಂದಿನಿಂದ ಜನ 'ಹೋ' ಎಂದರು. ಯಾರೂ ತಡೆಯಲಿಲ್ಲ. ಹಿರಿಯರು ಮಾತ್ರ ಓಡುತ್ತ ನನ್ನ ಹಿಂದೆ ಬಂದರು. ಕಾಕಾ ಗೆರೆ ದಾಟಲಿಲ್ಲ, ಆದರೆ ಬಸ್ಸಿನ ಹಾರ್ನ್ ಒತ್ತಿ ಹಿಡಿದರು, ಒಳಗಿರುವವರಿಗೆ ಕೇಳಲಿ ಎಂದು.

ಆ ಓಣಿಯಲ್ಲಿ ನಮ್ಮ ಹೆಜ್ಜೆಯ ಸಪ್ಪಳ ಮುಂದಿನ ಗೋಡೆಗೆ ಹೋಗಿ ಹಿಂದಕ್ಕೆ ಬರುತ್ತಿತ್ತು. ಎಲ್ಲ ಬೀಗಗಳೂ ಹಾಗೇ ಇದ್ದವು. ಒಂದು ಮನೆಯೊಳಗೆ ಗಡಿಯಾರ ಬಡಿಯಿತು. ಶಾಲೆಗೆ ತಾಗಿದ ಒಂದು ಮನೆಯ ಬೀಗ ಮಾತ್ರ ಹಾಕಿದ ಹಾಗೆ ಇತ್ತು, ಕೊಂಡಿಗೆ ಸಿಕ್ಕಿರಲಿಲ್ಲ. ಹಿರಿಯರು ನನಗಿಂತ ಎರಡು ಹೆಜ್ಜೆ ಮುಂದಾಗಿ ಆ ಬೀಗವನ್ನು ಒತ್ತಿ ಕೂರಿಸಿದರು. ನಾನು ನೋಡಿದೆ, ಏನೂ ಅನ್ನಿಸಲಿಲ್ಲ. ನನ್ನ ಕಣ್ಣು ಶಾಲೆಯ ಮೇಲಿತ್ತು.

ಪಡಸಾಲೆಯಲ್ಲಿ ಗುಮಾಸ್ತರು ಮಲಗಿದ್ದರು. ಹತ್ತಿರ ಹೋಗಿ ಭುಜ ಮುಟ್ಟಿದೆ, ಕಣ್ಣು ತೆರೆದರು.

"ಬಂದ್ರ್ಯಾ," ಎಂದರು. ಸಿಟ್ಟಿರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ, ಅಲ್ಲೇ ಕುಳಿತು ಅತ್ತುಬಿಟ್ಟೆ.

ಆಮೇಲೆ ನೋಡಿದರೆ ಅವರ ತಲೆಯ ಕೆಳಗೆ ಮಡಿಚಿದ ಕೌದಿ. ಪಕ್ಕದಲ್ಲಿ ಹಿತ್ತಾಳೆಯ ಚೊಂಬು, ತಾಟಿನಲ್ಲಿ ಬೆಲ್ಲದ ತುಣುಕು, ಅದಕ್ಕೆ ಇರುವೆ ಹತ್ತಿತ್ತು. ಹಿರಿಯರು ಮೂರನ್ನೂ ಎತ್ತಿಕೊಂಡು, "ಸಾಲಿವು ಇವು, ಅಡಗಿ ಖೋಲ್ಯಾಗ ಇರತಾವ," ಎನ್ನುತ್ತ ಅತ್ತ ಹೋದರು. ನಾನು ಗುಮಾಸ್ತರತ್ತ ನೋಡಿದೆ. ಅವರು ಮಾಡು ನೋಡುತ್ತಿದ್ದರು.

ಹೊತ್ತು ಮುಳುಗಿತು. ಮುಳ್ಳು ತೆಗೆದು ಡೊಳ್ಳು ಬಾರಿಸುತ್ತ ಊರು ಊರೊಳಗೆ ಬಂತು. ಹೊರಗೆ ಕಾದ ಕೆಲವರು ಸುಮ್ಮನಿರಲಿಲ್ಲ. ಊರು ಖಾಲಿ ಇರಲಿಲ್ಲ, ಹೊರಬೀಡು ಕೆಟ್ಟಿತು, ಇನ್ನು ಊರಿಗೆ ಬೇನೆ ಬಂದರೆ ಯಾರು ಹೊಣೆ ಎಂದು ದನಿ ಏರಿಸಿದರು. ಹಿರಿಯರು ಕಟ್ಟೆಯ ಮೇಲೆ ನಿಂತು ಹೇಳಿದರು:

"ಅವರು ನಮ್ಮೂರಾವ್ರಲ್ಲ. ಇವರೂ ಅಲ್ಲ. ಪರೂರವ್ರು ಊರ ಲೆಕ್ಕಕ್ಕ ಬರಂಗಿಲ್ಲ. ನಮ್ಮವರು ಒಬ್ಬರರ ಒಳಗ ಉಳದಿದ್ರ ಕೆಟ್ಟತಿ ಅನ್ನಬೇಕು. ಯಾರರ ಉಳದೀರೇನು?"

ಯಾರೂ ಇಲ್ಲ ಎಂದರು ಜನ. ಅಲ್ಲಿಗೆ ಮುಗಿಯಿತು.

ಗುಮಾಸ್ತರಿಗೆ ರೊಟ್ಟಿ ತಿನ್ನಿಸಿ, ಮಾತ್ರೆ ಕೊಟ್ಟು ನೋಡಿದಾಗ ಚೇತರಿಸಿಕೊಂಡಿದ್ದರು. ಇನ್ನೊಂದು ತಾಸು ಬಸ್ಸಿನಲ್ಲಿ ಕುಲುಕಿಸುವುದು ಬೇಡ ಎಂದು ಸೆಕ್ಟರ್ ಅಧಿಕಾರಿ ಮೇಲಿನವರ ಒಪ್ಪಿಗೆ ಪಡೆದು, ಅವರನ್ನು ಇದೇ ಊರಿನ ಮತಗಟ್ಟೆಯಲ್ಲಿ ಉಳಿಸಿ, ಇಲ್ಲಿಯವರೊಬ್ಬರನ್ನು ಕೊನೆಯ ಊರಿಗೆ ಕಳಿಸಿದರು. ಮರುದಿನ ಮತದಾರರ ಬೆರಳಿಗೆ ಶಾಯಿ ಹಚ್ಚುವ ಕೆಲಸ ಗುಮಾಸ್ತರದಾಯಿತು.

ಬುಧವಾರ ಸಂಜೆ ಕೊನೆಯ ಊರಿನಿಂದ ಒಬ್ಬೊಬ್ಬರನ್ನೇ ಹತ್ತಿಸಿಕೊಂಡು ಇಲ್ಲಿಗೆ ಬಂದಾಗ ಯಂತ್ರಗಳಿಗೆ ಅರಗು ಹಾಕುತ್ತಿದ್ದರು. ಗುಮಾಸ್ತರು ಹೊರಗೆ ಪಡಸಾಲೆಯಲ್ಲಿ, ಗಂಟೆಯ ಕೆಳಗೆ ನಿಂತಿದ್ದರು. ನಾನು ಮತ್ತೊಮ್ಮೆ ತಪ್ಪಾಯಿತು ಎಂದೆ. ಗಂಟೆ ಕೇಳಿಯೂ ಬರಲಿಲ್ಲ, ಅದಕ್ಕೂ ತಪ್ಪಾಯಿತು ಎಂದೆ.

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಗಂಟಿ ನಾ ಬಾರಿಸಲಿಲ್ರಿ."

ನಾನು ತಲೆಯ ಮೇಲೆ ತೂಗುತ್ತಿದ್ದ ಹಳಿಯ ತುಂಡನ್ನು ನೋಡಿದೆ.

"ನಾ ಗೋಡಿ ಮರಿಗೆ ಅಂತ ದಾಟಿ ಹೋದೆ, ಕೈ ತೊಳಿಯಾಕ ಸಾಲಿ ನಳ ಹುಡಕ್ಕೊಂಡು ಬಂದೆ. ಕಣ್ಣಿಗೆ ಕತ್ತಲಿ ಬಂತು, ಇಲ್ಲೇ ಬಿದ್ದೆ. ಏಳಾಕ ಆಗವಲ್ದು, ಒದರಾಕ ಬಾಯಿ ಬರವಲ್ದು. ಆವಾಗ ಒಬ್ಬ ಮುದುಕಿ ಬಂದ್ಲ್ರಿ, ಬಡಿಗಿ ಊರಕೋತ. ನಾ ತಿಳಕೊಂಡೆ, ದೇವಿನ ಬಂದಾಳ, ನಂದು ಮುಗೀತು ಅಂತ. ಬಾಯಾಗ ಬೆಲ್ಲಾ ಇಟ್ಲು, ನೀರು ಹಾಕಿದ್ಲು. ಬಸ್ಸಿನ ಸಪ್ಪಳ ಕೇಳಿ ಎದ್ದು ಹೋಗಿ ಗಂಟಿ ಬಡದ್ಲು. ಮೂರು ಸಲ ಬಡದ್ಲ್ರಿ. ನೀವು ನಿಲ್ಲಲಿಲ್ಲ."

"ಯಾರಕಿ?"

"ನಾನೂ ಕೇಳಿದೆ. 'ಎಲ್ಲಾರೂ ಹೋಗ್ಯಾರ, ನೀ ಯಾಕ ಹೋಗಿಲ್ಲವ್ವಾ' ಅಂದೆ. 'ಒಂದು ಸಲ ಹೋಗಿದ್ದೆ, ಬಗಲಾಗ ಕೂಸು ಇತ್ತು, ಬಿಸಲಿತ್ತು. ಬರುಮುಂದ ಬಗಲು ಖಾಲಿ ಇತ್ತು. ಅವತ್ತಿಂದ ನಾ ಹೊರಗ ಹೋಗಿಲ್ಲ' ಅಂದ್ಲು. ಆಮ್ಯಾಲ ಅಂದ್ಲು, 'ನಾ ಇಲ್ಲಿ ಇಲ್ಲ, ತಿಳೀತಿಲ್ಲೋ ತಮ್ಮಾ?' ಅಂತ."

ಆ ಬೆಳಿಗ್ಗೆ ಮತಗಟ್ಟೆಗೆ ಆ ಮುದುಕಿ ಬಂದಿದ್ದಳಂತೆ. ಕುರ್ಚಿಯ ಮೇಲೆ ಕೂಡಿಸಿ ಎತ್ತಿಕೊಂಡು ಬಂದವರು ಊರಿನ ಹಿರಿಯರು. ಅವರ ತಾಯಿ. ಗುಮಾಸ್ತರು ಶಾಯಿ ಹಚ್ಚಲು ಎಡಗೈ ಹಿಡಿದಾಗ ಅವಳು ಅವರ ಬೆರಳನ್ನು ಗಟ್ಟಿಯಾಗಿ ಒತ್ತಿದಳಂತೆ, ಬೇರೇನೂ ಇಲ್ಲ. ಪಕ್ಕದಲ್ಲಿ ನಿಂತಿದ್ದ ಮಗ ನೆಲ ನೋಡುತ್ತಿದ್ದರಂತೆ.

ಆಗ ನನಗೆ ಒಂದೊಂದೇ ಹೊಂದಿಕೊಂಡಿತು: ಬೀಸದ ಗಾಳಿ, ಕೊಂಡಿಗೆ ಸಿಗದ ಬೀಗ, ಶಾಲೆಯದಲ್ಲದ ಚೊಂಬು. ಊರಿನವರೆಲ್ಲರನ್ನೂ ಹೊರಗೆ ಕರೆದೊಯ್ಯುವ ಮನುಷ್ಯ ಎಷ್ಟು ವರ್ಷದಿಂದ ತನ್ನ ತಾಯಿಯನ್ನು ಒಳಗೆ ಮುಚ್ಚಿಟ್ಟಿದ್ದನೋ. ಹೊರಗೆ ತಿಳಿದರೆ ಊರಿನಲ್ಲಿ ಸತ್ತ ಪ್ರತಿ ಕರುವಿಗೂ, ಜ್ವರ ಬಂದ ಪ್ರತಿ ಕೂಸಿಗೂ ಅವಳೇ ಕಾರಣ. ಅದು ಗೊತ್ತಿದ್ದೂ ಅವಳು ಗಂಟೆ ಬಡಿದಿದ್ದಳು, ಯಾವನೋ ಗಂಗಾವತಿಯವನ ಸಲುವಾಗಿ. ಬಸ್ಸಿನಲ್ಲಿದ್ದ ನಾವು ಗಡಿಯ ಆಚೆಯಿಂದ ಕೈ ಮುಗಿದು ಹೋಗಿದ್ದೆವು.

ಬಸ್ಸು ಹೊರಡುವಾಗ ಕತ್ತಲಾಗಿತ್ತು. ಹಿರಿಯರು ಬಾಗಿಲ ಹತ್ತಿರ ಬಂದರು. ಟಾರ್ಚಿನ ಬೆಳಕು ಅವರ ಕಾಲ ಬಳಿ ಅಲುಗಾಡುತ್ತಿತ್ತು.

"ಎಣಿಸಿಕೊಂಡ್ರ್ಯಾ ಸಾಹೇಬ್ರ?"

"ಎಣಿಸೀನ್ರಿ. ನಮ್ಮವರು ಇಪ್ಪತ್ತೈದು ಮಂದಿ, ಎಲ್ಲಾರೂ ಅದಾರ."

ಅವರು ಇನ್ನೂ ನಿಂತೇ ಇದ್ದರು. ಕೇಳಬೇಕಾದ ಮಾತು ಅವರ ಬಾಯಿಗೆ ಬರಲೊಲ್ಲದು. ನಾನೇ ಹೇಳಿದೆ:

"ನಿನ್ನಿ ನಿಮ್ಮೂರಾಗ ಯಾರೂ ಇರಲಿಲ್ರಿ ಯಜಮಾನ್ರ. ನಾನ ಒಳಗ ಹೋಗಿ ನೋಡೀನಲ್ಲ."

ಅವರು ಎರಡೂ ಕೈ ಜೋಡಿಸಿದರು. ಟಾರ್ಚು ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

ಲಾಗ್ ಶೀಟಿನಲ್ಲಿ ವಿಳಂಬಕ್ಕೆ ಕಾರಣ ಬರೆಯುವ ಕಡೆ 'ರೂಟ್ ಹಾಕಿದ್ದರಲ್ಲಿ ಮತ್ತು ಎಣಿಕೆಯಲ್ಲಿ ನನ್ನ ತಪ್ಪು' ಎಂದು ಬರೆದು ಸಹಿ ಮಾಡಿದೆ. ಕಾಕಾ 'ಒಲ್ಲೆ' ಎಂದದ್ದನ್ನು ಬರೆಯಲಿಲ್ಲ. ನೋಟಿಸು ಬಂತು, ಒಂದು ಬಡ್ತಿ ತಡವಾಯಿತು. ಆ ತಾಯಿ ಈಗ ಇಲ್ಲ. ಅವಳು ಹೋದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಆದರೂ ಊರಿನ ಹೆಸರನ್ನು ಬರೆಯುವುದಿಲ್ಲ, ಮಗ ಇನ್ನೂ ಅಲ್ಲೇ ಇದ್ದಾರೆ.

ಆ ಸಂಜೆಯ ಒಂದು ಮಾತು ಉಳಿಯಿತು. ಬಸ್ಸು ಅಗಸಿ ದಾಟುವಾಗ ಹಿಂದೆ ಕತ್ತಲಲ್ಲಿ ಶಾಲೆಯ ಗಂಟೆ ಬಾರಿಸಿತು. ಒಂದೇ ಪೆಟ್ಟು. ಗಾಳಿ ಇರಲಿಲ್ಲ. ಕಾಕಾ ನನ್ನ ಮುಖ ನೋಡಿದರು.

"ನಿಲ್ಲಸ್ರಿ ಕಾಕಾ," ಎಂದೆ.

ದೀಪ ಹಾಕಿಸಿ, ಮುಂದಿನ ಸಾಲಿನಿಂದ ಹಿಂದಿನ ಮೂಲೆಯವರೆಗೆ ಹೋದೆ. ಖಾಲಿ ಸೀಟುಗಳನ್ನು ನೋಡಲಿಲ್ಲ. ಒಬ್ಬೊಬ್ಬರ ಭುಜವನ್ನೂ ಮುಟ್ಟಿ ಎಣಿಸಿದೆ. ನಿದ್ದೆಗೆ ಜಾರಿದ್ದವರು ಗೊಣಗಿದರು. ಮೂಲೆಯಲ್ಲಿದ್ದ ಗುಮಾಸ್ತರು ನನ್ನ ಕೈ ಹಿಡಿದು, "ಅದೀನ್ರಿ," ಎಂದರು. ಇಪ್ಪತ್ತೈದು.